ಕರೆಂಟ್ ಹೋಗ್ಲಿ, ಬರ್ತೀನಿ

ಬನಹಟ್ಟಿಯ ಆ ತುರ್ತು ಚಿಕಿತ್ಸಾ ಕೇಂದ್ರದ ಬೋರ್ಡಿನ ಮೇಲೆ ಏನೇ ಬರೆದಿರಲಿ, ಊರಿನವರು ಅದನ್ನು ಕರೆಯುತ್ತಿದ್ದುದು ಲಗೂ ದವಾಖಾನಿ ಎಂದು. ಲಗೂ ಅಂದರೆ ಬೇಗ. ಅಲ್ಲಿ ಚೀಟಿ ಹಿಡಿದು ದಿನವಿಡೀ ಕಾಯುವುದಿಲ್ಲ, ವಾರಗಟ್ಟಲೆ ಹಾಸಿಗೆ ಹಿಡಿದು ಮಲಗುವುದೂ ಇಲ್ಲ. ಜ್ವರ, ಗಾಯ, ಉಬ್ಬಸ, ಚೇಳು ಕಡಿದದ್ದು, ಎದೆ ಹಿಡಿದದ್ದು, ಏನೇ ಇದ್ದರೂ ಬಂದ ಕೂಡಲೇ ನೋಡಬೇಕು, ಕೈಲಾಗುವುದನ್ನು ಅಲ್ಲೇ ಮಾಡಬೇಕು, ಕೈಲಾಗದ್ದನ್ನು ಆಂಬುಲೆನ್ಸ್ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇಂಥದ್ದೊಂದು ಈ ಊರಿಗೆ ಬೇಕೇ ಬೇಕು ಎಂದು ಹಟ ಹಿಡಿದು ಮಾಡಿಸಿದವಳು ರಾಜೇಶ್ವರಿ.

ರಾಜೇಶ್ವರಿ ಡಾಕ್ಟರಲ್ಲ. ಜಮಖಂಡಿಯವಳು, ಆಸ್ಪತ್ರೆ ನಡೆಸುವ ವಿದ್ಯೆಯನ್ನೇ ಹುಬ್ಬಳ್ಳಿಯಲ್ಲಿ ಓದಿ ಬಂದವಳು. ರೋಗ ನೋಡುವುದು ಡಾಕ್ಟರ್ ಪರಮಾನಂದನ ಕೆಲಸ. ಕುರ್ಚಿ ಎಷ್ಟಿರಬೇಕು, ಯಾವ ಔಷಧಿ ತರಿಸಬೇಕು, ಯಾವ ಹೊತ್ತಿಗೆ ಯಾರು ಇರಬೇಕು ಎಂಬುದೆಲ್ಲ ಇವಳದು. ದುಡ್ಡು ಹಾಕಿದವನು ಅವಳ ಸೋದರಮಾವ ಶಿದ್ರಾಮಪ್ಪ, ಮುಧೋಳದ ಬೆಲ್ಲದ ವ್ಯಾಪಾರಿ. ಅವನು ಸೊಸೆಯ ಮಾತಿಗೆ ಬೆಲೆ ಕೊಡುವವನೇ, ಆದರೆ ವ್ಯಾಪಾರಿ. ಬೇಸಿಗೆಯಲ್ಲಿ ಒಮ್ಮೆ ಬಂದು ಖಾಲಿ ಕುರ್ಚಿಗಳನ್ನು ನೋಡಿ ಅಲ್ಲೇ ತೀರ್ಪು ಹೇಳಿಬಿಟ್ಟ.

"ಶ್ರಾವಣ ಮುಗಿಯೂತನಕ ನೋಡ್ತೀನಿ, ರಾಜಿ. ಆಮ್ಯಾಲೂ ಹಿಂಗ ಇತ್ತಂದ್ರ ಎಲ್ಲಾ ಕಿತ್ತು ಮುಧೋಳಕ್ಕ ಒಯ್ಯೂದ. ಗಿರಾಕಿ ಇಲ್ಲದ ಪ್ಯಾಟ್ಯಾಗ ಅಂಗಡಿ ಇಟ್ಟು ಕುಂದ್ರು ಅಂತ ನಿಮ್ಮ ಸಾಲ್ಯಾಗ ಕಲಿಸ್ಯಾರೇನು?"

ಆ ಮಾತು ರಾಜೇಶ್ವರಿಗೆ ಚುಚ್ಚಿತು. ಈ ಊರಿಗೆ ದವಾಖಾನೆ ಬೇಕು ಎಂದು ಅಂದದ್ದು ತಾನು, ಅದು ಮುಚ್ಚಿದರೆ ಸೋತದ್ದೂ ತಾನೇ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಬೇರೆಯೇ ಒಂದು ವಿಷಯ. ಕುರ್ಚಿಗಳು ಯಾವಾಗಲೂ ಖಾಲಿ ಇರುತ್ತಿರಲಿಲ್ಲ.

ಅದೇ ತಮಾಷೆ. ಮುಂಜಾನೆಯೆಲ್ಲ ನೊಣ ಹೊಡೆಯುತ್ತ ಕೂರಬೇಕು. ಗಾಜಿನ ಬಾಗಿಲು, ಏಸಿ ಹಾಕಿಸಿದ್ದರಿಂದ ಹೊಡೆಯಲು ನೊಣವೂ ಇಲ್ಲ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಬಾಗಿಲು ತೆರೆಯಿತೆಂದರೆ ಮುಗಿಯಿತು, ಕಾಲುವೆ ಒಡೆದಂತೆ ಜನ. ಕೆಮ್ಮುವವರು, ಕುಂಟುವವರು, ಕೂಸು ಎತ್ತಿಕೊಂಡವರು, ಕೈಗೆ ಅರಿವೆ ಸುತ್ತಿಕೊಂಡವರು, ಎಲ್ಲರೂ ಒಮ್ಮೆಗೇ. ಇರುವುದು ಒಬ್ಬ ಡಾಕ್ಟರು, ತೇರದಾಳದಿಂದ ಬಸ್ಸಿಗೆ ಬರುವ ನರ್ಸ್ ಮಾಯವ್ವ ಒಬ್ಬಳು. ಗದ್ದಲವೋ ಗದ್ದಲ.

"ಲಗೂ ದವಾಖಾನಿ ಅಂತ ಹೆಸರ ಕೇಳಿ ಬಂದ್ನಿ. ಕುಂತು ಕುಂತು ಬ್ಯಾನಿ ತಾನ ವಾಸಿ ಆಗಾಕತ್ತೇತಿ," ಎಂದು ಒಬ್ಬ ಮುದುಕ ಒದರಿದ.

ಇನ್ನೂ ವಿಚಿತ್ರವೆಂದರೆ, ಹಾಗೆ ಬಂದ ಜನ ಹಾಗೆಯೇ ಮಾಯವಾಗುತ್ತಿದ್ದರು. ಒಬ್ಬರ ಫೋನು ರಿಂಗಾಗುತ್ತಿತ್ತು, ಮತ್ತೊಬ್ಬರದು ರಿಂಗಾಗುತ್ತಿತ್ತು, ಅಷ್ಟರಲ್ಲಿ ಅರ್ಧಕ್ಕರ್ಧ ಜನ ಎದ್ದು ನಡೆದುಬಿಡುತ್ತಿದ್ದರು. ಗುರುಬಸವ್ವ ಎಂಬ ಹೆಂಗಸಂತೂ ಇಸಿಜಿ ತೆಗೆಯಲು ಮಲಗಿಸಿದ್ದ ಮಂಚದಿಂದಲೇ ಎದ್ದು, "ತಡೀರಿ, ಇನ್ನೊಮ್ಮೆ ಬರ್ತೀನಿ," ಎಂದು ಸೆರಗು ಸರಿಮಾಡಿಕೊಂಡು ಹೋದಳು. ಪರಮಾನಂದ ಕೈಯಲ್ಲಿ ತಂತಿ ಹಿಡಿದು ನಿಂತೇ ಇದ್ದ. ಸಂಜೆ ಮಾಯವ್ವ ಕಸ ಗುಡಿಸಿದರೆ ಕುರ್ಚಿಗಳ ಕೆಳಗೆ ಬಿಳಿ ಬಿಳಿ ನೂಲಿನ ಎಳೆ ಮುದ್ದೆಯಾಗಿ ಬರುತ್ತಿತ್ತು.

ರಾಜೇಶ್ವರಿಗೆ ಒಂದು ಕೆಟ್ಟ ಚಟವಿತ್ತು. ತಲೆಯಲ್ಲಿ 'ಯಾಕೆ' ಎಂಬುದೊಂದು ಹೊಕ್ಕರೆ ಉತ್ತರ ಸಿಗುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೀಗೆ ಊಟ ತಪ್ಪಿಸಿ ತಪ್ಪಿಸಿ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಉರಿ ಶುರುವಾಗಿತ್ತು. ಅವಳು ಮೇಜಿಗೆ ಒರಗಿ ಹೊಟ್ಟೆ ಒತ್ತಿ ಹಿಡಿಯುವುದನ್ನು ಪರಮಾನಂದ ನೋಡಿದ್ದ.

"ಮೇಡಮ್ಮಾರ, ಒಳಗ ಬರ್ರಿ, ಒಮ್ಮೆ ನೋಡೋಣಂತ."

"ಈ ಗದ್ದಲ ಇಳೀಲಿ ಡಾಕ್ಟರ್, ಆಮ್ಯಾಲ ತೋರಿಸ್ತೀನಿ," ಎಂದಳು ರಾಜೇಶ್ವರಿ.

ಮೊದಲು ಅವಳ ಅನುಮಾನ ಬಸ್ಸಿನ ಮೇಲೆ ಹೋಯಿತು. ರಬಕವಿಯಿಂದ, ತೇರದಾಳದಿಂದ ಬಸ್ಸು ಬಂದಾಗ ಜನ ಇಳಿದು ಬರುತ್ತಾರೇನೋ ಎಂದು ಸ್ಟ್ಯಾಂಡಿಗೆ ಹೋಗಿ ನಿಂತು ನೋಡಿದಳು. ಬಸ್ಸಿನಿಂದ ಇಳಿದವರು ಚಹಾದಂಗಡಿಗೆ ಹೋದರು. ಆಮೇಲೆ ರಾಹುಕಾಲವಿರಬಹುದು ಎಂದು ಪಂಚಾಂಗ ತೂಗುಹಾಕಿದಳು. ಜನ ಸರಿಯಾಗಿ ರಾಹುಕಾಲದಲ್ಲೇ ನುಗ್ಗಿ ಬಂದರು. ಟಿವಿ ಧಾರಾವಾಹಿ ಮುಗಿದ ಮೇಲೆ ಬರುತ್ತಾರೆ ಎಂದು ಮಾಯವ್ವ ತನ್ನದೊಂದು ಸೇರಿಸಿದಳು, ಅದೂ ತಾಳೆಯಾಗಲಿಲ್ಲ. ಮಧ್ಯಾಹ್ನ ಗದ್ದಲ ಇರುತ್ತದೆಂದು ಜಮಖಂಡಿಯಿಂದ ಇನ್ನೊಬ್ಬ ನರ್ಸನ್ನು ಕರೆಸಿದರೆ ಜನ ಸಂಜೆ ಬಂದರು. ಸಂಜೆಗೆ ಕರೆಸಿದರೆ ಮುಂಜಾನೆ ಬಂದರು. ಊರಿಗೆ ಊರೇ ಸೇರಿ ತನ್ನನ್ನು ಕಣ್ಣುಮುಚ್ಚಾಲೆ ಆಡಿಸುತ್ತಿದೆಯೇ ಎಂದು ಅವಳಿಗೆ ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು.

ಕೊನೆಗೆ ಬಂದವರನ್ನೇ ಕೇಳತೊಡಗಿದಳು.

"ಅಣ್ಣಾರ, ನೀವು ಈಗ ಯಾಕ ಬಂದ್ರಿ?"

"ಆರಾಮಿಲ್ಲರಿ."

"ಅದು ಖರೆ. ಮುಂಜಾನಿ ಯಾಕ ಬರಲಿಲ್ಲ?"

"ಈಗ ಬಿಡುವಾತ್ರಿ."

"ಯಾವಾಗ ಬಿಡುವಾಗ್ತೇತಿ ನಿಮಗ?"

ಆತ ಇವಳನ್ನು ಪಾಪ ಎಂಬಂತೆ ನೋಡಿ, "ಬಿಡುವಾದಾಗ ಬಿಡುವಾಗ್ತೇತ್ರಿ," ಎಂದ.

ಪರಮಾನಂದನ ಪ್ರಶ್ನೆ ಬೇರೆಯಿತ್ತು. ಅವನು ಸಾವಳಗಿಯ ಕುರಿಗಾರರ ಮನೆಯವನು, ಬೀರೇಶ್ವರನ ಒಕ್ಕಲು. ಮಾತು ಕಡಿಮೆ, ಆಡಿದರೆ ಕುರಿಯಿಂದ ಶುರುವಾಗಿ ಕುರಿಗೇ ಮುಗಿಯುತ್ತಿತ್ತು. ಪ್ರತಿ ರೋಗಿಗೂ ಅವನು ಮೊದಲು ಕೇಳುತ್ತಿದ್ದುದು, "ಯಾವಾಗಿಂದ ಐತ್ರಿ?" ಎಂದು. ಯಾರೂ ಈಗ ಶುರುವಾಯಿತು ಎನ್ನುತ್ತಿರಲಿಲ್ಲ. ಮುಂಜಾನೆಯಿಂದ, ನಿನ್ನೆಯಿಂದ, ಮೊನ್ನೆಯಿಂದ ಎನ್ನುತ್ತಿದ್ದರು.

"ತುರ್ತು ಅಂತ ಬೋರ್ಡ್ ಹಾಕೀವಿ," ಅವನು ಕೈ ತೊಳೆಯುತ್ತ ಹೇಳಿದ, "ಬರೂವೆಲ್ಲಾ ತಂಗಳ ಬ್ಯಾನಿ. ನಮ್ಮಪ್ಪ ಹೇಳ್ತಿದ್ದ, ಹಿಂಡು ಹಳ್ಳ ಜಿಗಿದ್ರ ಹಿಂಡಿನ್ನ ನೋಡಬ್ಯಾಡ, ಮೊದಲನೇ ಕುರಿ ಯಾಕ ಜಿಗೀತು ಅದನ್ನ ನೋಡು ಅಂತ."

"ಮೊದಲನೇ ಕುರಿ ಯಾವುದು ಅಂತನ ತಿಳೀವಲ್ದಲ್ಲಾ ಡಾಕ್ಟರ್!"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ರಾಜೇಶ್ವರಿಯ ಬೆಣ್ಣೆ ಅಂಗೈಯಲ್ಲೂ ಅಲ್ಲ, ತಲೆಯ ಮೇಲೇ ಇತ್ತು. ಇನ್ವರ್ಟರ್. ದವಾಖಾನೆಗೆ ಅವಳು ಮೊದಲು ತರಿಸಿದ್ದೇ ಅದನ್ನು. ಕರೆಂಟು ಹೋದರೂ ಒಳಗೆ ದೀಪ ಮಿಣುಕ್ ಅನ್ನಬಾರದು, ಏಸಿ ನಿಲ್ಲಬಾರದು, ಕಂಪ್ಯೂಟರ್ ಆರಬಾರದು ಎಂದು ದೊಡ್ಡದನ್ನೇ ಕೂರಿಸಿದ್ದಳು. ಅದು ತನ್ನ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿತ್ತೆಂದರೆ ಹೊರಗೆ ಕರೆಂಟು ಇದೆಯೋ ಹೋಗಿದೆಯೋ ಒಳಗಿದ್ದವರಿಗೆ ತಿಳಿಯುತ್ತಲೇ ಇರಲಿಲ್ಲ.

ಆ ಇನ್ವರ್ಟರ್ ಒಂದು ದಿನ ಕೆಟ್ಟಿತು, ಬ್ಯಾಟರಿಗಳನ್ನು ರಿಪೇರಿಗೆ ಒಯ್ದರು. ಮಧ್ಯಾಹ್ನಕ್ಕೆ ಮೊದಲು ದೀಪ ಆರಿತು, ಏಸಿ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಬೇಸಿಗೆಯ ಸೆಕೆ ತಾಳಲಾರದೆ ರಾಜೇಶ್ವರಿ ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದು ನಿಂತಳು. ಏನೋ ಇಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ದಿನಾ ಬರುವಾಗ ಹೋಗುವಾಗ ಈ ರಸ್ತೆಯಲ್ಲಿ ಏನೋ ಒಂದು ಇರುತ್ತಿತ್ತು, ಈಗ ಅದು ಇಲ್ಲ. ಗುಬ್ಬಿಯ ಸದ್ದು ಕೇಳಿಸಿತು, ಯಾರದೋ ಮನೆಯಲ್ಲಿ ಕೊಡ ಇಟ್ಟ ಸದ್ದೂ ಕೇಳಿಸಿತು. ಆಗ ತಿಳಿಯಿತು. ಮಗ್ಗಗಳು ನಿಂತಿವೆ.

ಬನಹಟ್ಟಿಯಲ್ಲಿ ಮನೆ ಎಂದರೆ ಮುಂದೆ ಅಡುಗೆ, ಹಿಂದೆ ಮಗ್ಗ, ಇಲ್ಲವೇ ಮುಂದೆ ಮಗ್ಗ, ಹಿಂದೆ ಅಡುಗೆ. ಕರೆಂಟಿನ ಮಗ್ಗಗಳ ಖಟಖಟ ಓಣಿಯಲ್ಲಿ ಹಗಲೂ ರಾತ್ರಿ ನಿಲ್ಲುವುದಿಲ್ಲ. ಒಂದು ವಾರ ಕೇಳಿದರೆ ಕಿವಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಾಜೇಶ್ವರಿ ನೋಡುತ್ತಿದ್ದ ಹಾಗೆ ಎದುರಿನ ಮನೆಯ ಬಾಗಿಲು ತೆರೆಯಿತು, ಪಕ್ಕದ್ದು ತೆರೆಯಿತು. ತಲೆಯಲ್ಲಿ, ಹುಬ್ಬಿನಲ್ಲಿ ಬಿಳಿ ನೂಲಿನ ಎಳೆ ಹೊತ್ತ ಜನ ಹೊರಗೆ ಬಂದು ಮೈ ಮುರಿದರು. ಒಬ್ಬ ಕೂಸನ್ನು ಎತ್ತಿಕೊಂಡ. ಒಬ್ಬಳು ಕಾಲು ಎಳೆಯುತ್ತ ಚಪ್ಪಲಿ ಮೆಟ್ಟಿದಳು. ಎಲ್ಲರ ಮುಂದೆ ಗುರುಬಸವ್ವ, ಎದೆ ಉಜ್ಜಿಕೊಳ್ಳುತ್ತ ದವಾಖಾನೆಯ ಕಡೆಗೇ ಬರುತ್ತಿದ್ದಳು.

"ಗುರುಬಸವ್ವಾರ, ಈಗ ಯಾಕ ಬಂದ್ರಿ?" ರಾಜೇಶ್ವರಿ ಹೆಚ್ಚುಕಡಿಮೆ ಕೂಗಿದಳು.

"ಅಯ್ಯ, ಕರೆಂಟ್ ಹೋತಲ್ರಿ ಅಕ್ಕಾರ!" ಗುರುಬಸವ್ವ ಅಂದಳು, ಹೊತ್ತು ಮುಳುಗಿತಲ್ಲ ಎಂದು ಹೇಳುವ ಹಾಗೆ.

ರಾಜೇಶ್ವರಿ ನಕ್ಕಳು. ನಗು ತಡೆಯಲಾರದೆ ಬಾಗಿಲಿನ ಹಿಡಿಕೆ ಹಿಡಿದು ನಿಂತು ನಕ್ಕಳು. ಪಂಚಾಂಗ ನೋಡಿದ್ದೇನು, ಬಸ್‌ಸ್ಟ್ಯಾಂಡ್ ಕಾದದ್ದೇನು! ಜನ ಎದ್ದು ಹೋಗುವಂತೆ ಮಾಡುತ್ತಿದ್ದ ಆ ಫೋನುಗಳೂ ಕರೆಂಟು ಬಂತೆಂದು ಮನೆಯಿಂದ ಬರುತ್ತಿದ್ದವೇ. ಇದು ಗುಟ್ಟೇ ಆಗಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು. ಹೊರಗಿನಿಂದ ಬಂದ ಮೂವರೇ ಗಾಜಿನ ಬಾಗಿಲು ಹಾಕಿಕೊಂಡು ಕಿವುಡರಾಗಿದ್ದರು. ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ಆಮೇಲಿನ ಕೆಲಸ ಸಲೀಸು. ಲೈನ್‌ಮನ್ ಮಾಳುವಿನ ಗುರುತು ಮಾಡಿಕೊಂಡಳು. "ಅಕ್ಕಾರ, ಇವತ್ತ ನಾಕರ ಸುಮಾರಿಗೆ ಕರೆಂಟ್ ತಗೀತೀವ್ರಿ," ಎಂದು ಅವನು ಮುಂಚೆಯೇ ಫೋನು ಮಾಡುವನು, ಇವಳು ಎರಡನೇ ನರ್ಸನ್ನು ಅದೇ ಹೊತ್ತಿಗೆ ಕರೆಸುವಳು. ಸೂಜಿ, ಪಟ್ಟಿ, ಔಷಧಿ ಎಲ್ಲ ಮೊದಲೇ ತಯಾರು. ಜನ ಬರುತ್ತಲೇ ಒಳಗೆ, ಹೊರಗೆ. ಮಗ್ಗ ಶುರುವಾಗುವುದರೊಳಗೆ ಎಲ್ಲರೂ ಮನೆಯಲ್ಲಿ. ಒದರಿದ್ದ ಮುದುಕನೇ ಬಂದು, "ಈಗ ಖರೇನ ಲಗೂ ಆತು ನೋಡ್ರಿ," ಎಂದು ಹೋದ. ಮುಧೋಳದಿಂದ ಮಾವ ಫೋನಿನಲ್ಲೇ ಭೇಷ್ ಎಂದ.

"ಕರೆಂಟ್ ಇದ್ದಾಗ ಬ್ಯಾನಿ ಬಂದವರು ಏನ ಮಾಡ್ತಾರ?" ಪರಮಾನಂದ ಒಮ್ಮೆ ಕೇಳಿದ.

"ಹೋದ ಮ್ಯಾಲ ಬರ್ತಾರಲ್ಲ ಡಾಕ್ಟರ್."

ಗೆದ್ದವರಿಗೆ ಪ್ರಶ್ನೆ ರುಚಿಸುವುದಿಲ್ಲ, ಅದು ರಾಜೇಶ್ವರಿಯಂಥ ಪ್ರಶ್ನೆಬುರುಕಿಗೂ ತಪ್ಪಿದ್ದಲ್ಲ. ಹೊಟ್ಟೆಯ ಉರಿ ಮತ್ತೆ ಕಾಣಿಸಿಕೊಂಡಿತ್ತು. ಅದಕ್ಕೂ ಅವಳ ಬಳಿ ಪುರುಸೊತ್ತು ಇರಲಿಲ್ಲ.

ಮಳೆಗಾಲ ಬಂತು, ಕೃಷ್ಣೆ ತುಂಬಿದಳು. ಚಿಕ್ಕಪಡಸಲಗಿಯ ಕಟ್ಟೆಯ ಮೇಲೆ ನೀರು ಹರಿಯುತ್ತದೆಂದು ಜನ ನೋಡಲು ಹೋದರು. ಶ್ರಾವಣ ಹತ್ತಿದ ಕೂಡಲೇ ಮಾಳು ಖುಷಿಯಿಂದ ಫೋನು ಮಾಡಿದ.

"ಅಕ್ಕಾರ, ಹೊಸಾ ಲೈನ್ ಜೋಡಿಸೇವ್ರಿ. ಇನ್ನ ಕರೆಂಟ್ ತಗಿಯೂ ಮಾತ ಇಲ್ಲ. ದೀಪಾವಳಿ ಸೀರಿ ಕೆಲಸ ಜೋರ ನಡೀತೇತ್ರಿ ಈಗ."

ಮಗ್ಗಗಳು ನಿಲ್ಲಲಿಲ್ಲ. ಕುರ್ಚಿಗಳು ಮತ್ತೆ ಖಾಲಿಯಾದವು. ಈ ಸಲ ಬೆಳಿಗ್ಗೆಯೂ ಖಾಲಿ, ಸಂಜೆಯೂ ಖಾಲಿ. ಶ್ರಾವಣ ಮುಗಿಯುತ್ತ ಬಂದಿತ್ತು. ಮುಧೋಳದಿಂದ ಶಿದ್ರಾಮಪ್ಪ ಜೀಪು ತೆಗೆದುಕೊಂಡು ಬಂದ. ಬಂದವನು ಒಂದೊಂದೇ ಖಾಲಿ ಕುರ್ಚಿಯ ಬೆನ್ನು ಮುಟ್ಟುತ್ತ ಕೋಣೆಯನ್ನು ಸುತ್ತಿದ.

"ಮುಗೀತವ್ವಾ. ಈ ಊರಾಗ ಯಾರಿಗೂ ಜಡ್ಡಿಲ್ಲ. ಛಲೋ ಆತು, ಆರಾಮ ಇರಲಿ. ನಾಳೆ ಸಾಮಾನು ಕಟ್ಟಸು."

ರಾಜೇಶ್ವರಿಗೆ ಅಳು ಬಂತು. ಮಾವನ ಮುಂದೆ ಅಳಬಾರದೆಂದು ಕಿಟಕಿಯ ಕಡೆ ತಿರುಗಿದಳು.

"ಕರೆಂಟ್ ಬಂದ್ರ ಜಡ್ಡು ಹೋಗ್ತೇತೇನ್ರಿ ಮೇಡಂ?" ಹಿಂದಿನಿಂದ ಪರಮಾನಂದ ಕೇಳಿದ.

ಅದೇ ಪ್ರಶ್ನೆ. ಅವಳು ಒಮ್ಮೆ ತಳ್ಳಿಹಾಕಿದ್ದ ಪ್ರಶ್ನೆ. ಈಗ ಅದು ಒಳಗೆ ಹೊಕ್ಕು ಕೂತಿತು. ಹೌದಲ್ಲ. ಕೆಮ್ಮುತ್ತಿದ್ದವರು, ಕುಂಟುತ್ತಿದ್ದವರು, ಎದೆ ಉಜ್ಜಿಕೊಳ್ಳುತ್ತಿದ್ದವರು ಎಲ್ಲಿ ಹೋದರು? ಅವರೆಲ್ಲ ಒಂದೇ ತಿಂಗಳಲ್ಲಿ ವಾಸಿಯಾಗಲು ಇದೇನು ಪವಾಡವೇ? ಅವಳು ಮಾವನಿಗೆ ಏನೂ ಹೇಳದೆ ಬಾಗಿಲು ತಳ್ಳಿಕೊಂಡು ಓಣಿಗೆ ಇಳಿದಳು.

ಓಣಿಯಲ್ಲಿ ಎರಡೂ ಕಡೆಯಿಂದ ಖಟಖಟ. ತೆರೆದ ಬಾಗಿಲುಗಳಲ್ಲಿ ಇಣುಕಿ ನೋಡುತ್ತ ನಡೆದಳು. ಕಾಲು ಬಾತುಕೊಂಡವಳು ಕಾಲನ್ನು ಡಬ್ಬಿಯ ಮೇಲಿಟ್ಟು ಮಗ್ಗ ನೋಡುತ್ತಿದ್ದಳು. ಒಬ್ಬ ಕೆಮ್ಮಿ ಕೆಮ್ಮಿ ಬಗ್ಗಿ, ಮತ್ತೆ ಎದ್ದು ಎಳೆ ಜೋಡಿಸುತ್ತಿದ್ದ. ಎಲ್ಲರೂ ಇದ್ದರು. ಒಬ್ಬರೂ ವಾಸಿಯಾಗಿರಲಿಲ್ಲ.

ಗುರುಬಸವ್ವನ ಮನೆಯಲ್ಲಿ ಜೋಡು ಮಗ್ಗ. ಒಂದರ ಮುಂದೆ ಸೊಸೆ ಮಾಲಾ, ಇನ್ನೊಂದರ ಮುಂದೆ ಗುರುಬಸವ್ವ. ಮಗ್ಗದ ಮೇಲೆ ಕೆಂಪು ಅಂಚಿನ ಹಸಿರು ಸೀರೆ ಇಳಿಯುತ್ತಿತ್ತು. ಗುರುಬಸವ್ವ ಬಲಗೈಯಿಂದಲೇ ಎಲ್ಲ ಮಾಡುತ್ತಿದ್ದಳು, ಎಡಗೈಯನ್ನು ಹೊಟ್ಟೆಗೆ ಅವಚಿಕೊಂಡಿದ್ದಳು. ಶ್ರಾವಣದ ತಂಪಿನಲ್ಲೂ ಅವಳ ರವಿಕೆ ಬೆವರಿನಿಂದ ತೊಯ್ದಿತ್ತು. ತುಟಿ ಬಿಳಚಿಕೊಂಡಿತ್ತು.

"ಏನಾಗೇತ್ರಿ ಗುರುಬಸವ್ವಾರ?" ಸದ್ದಿನ ನಡುವೆ ರಾಜೇಶ್ವರಿ ಕಿವಿಯ ಬಳಿ ಬಾಯಿಟ್ಟು ಕೇಳಿದಳು.

"ಗ್ಯಾಸ್ ಆಗೇತ್ರಿ. ದವಡಿತನಕ ಹಿಡದೇತಿ. ಕೈ ಜಡ ಬಂದೇತಿ."

"ನಡೀರಿ, ಡಾಕ್ಟರ್ ಅದಾರ."

"ಕರೆಂಟ್ ಹೋಗ್ಲಿ, ಬರ್ತೀನಿ."

"ಹೊಸಾ ಲೈನ್ ಬಂದೇತಿ. ಇವತ್ತ ಹೋಗೂದಿಲ್ಲ ಅದು."

"ಹೋಗ್ದ ಎಲ್ಲಿ ಹೋಗ್ತೇತ್ರಿ, ಇಷ್ಟ ವರ್ಸ ಹೋಗೇತಿ," ಎಂದು ಗುರುಬಸವ್ವ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

"ಮಗ್ಗ ನಿಂದ್ರಸರಿ. ನಿಮ್ಮ ಕಾಲು ಬೀಳ್ತೀನಿ."

ಗುರುಬಸವ್ವ ತಲೆ ಅಲ್ಲಾಡಿಸಿದಳು. "ಲಾಳಿಗೆ ನೂಲು ಹಾಕೂವಷ್ಟು ಹೊತ್ತು ನಿಂತ್ರ ಏನೂ ಆಗೂದಿಲ್ಲರಿ. ತಾಸಗಟ್ಲೆ ನಿಂತ್ರ ಸೀರಿ ಮ್ಯಾಲ ಅಡ್ಡ ಗೆರಿ ಬೀಳ್ತೇತಿ. ಕರೆಂಟ್ ಹೋಗಿ ಬಿದ್ರ ಅದು ಕರೆಂಟಿನ ಗೆರಿ, ಯಾರೂ ಏನೂ ಅನ್ನೂದಿಲ್ಲ. ನಾ ನಿಂದ್ರಿಸಿ ಬಿದ್ರ ಅದು ನನ್ನ ಗೆರಿ ಆಗ್ತೇತಲ್ರಿ. ಇಷ್ಟ ವರ್ಸದಾಗ ನನ್ನ ಕೈಯಿಂದ ಒಂದ ಗೆರಿ ಬಿದ್ದಿಲ್ಲ."

ಆಗ ರಾಜೇಶ್ವರಿಗೆ ಪೂರ್ತಿ ತಿಳಿಯಿತು. ಬೇಸಿಗೆಯಲ್ಲಿ ಅವಳು ಕಂಡುಕೊಂಡದ್ದು ಅರ್ಧ ಉತ್ತರ. ಕರೆಂಟು ಹೋದಾಗ ಇವರಿಗೆ ಪುರುಸೊತ್ತು ಸಿಗುತ್ತಿತ್ತು, ಅದಷ್ಟೇ ಅಲ್ಲ. ತನಗಾಗಿ ತಾನು ನಿಲ್ಲುವುದು ಇಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಿಲ್ಲಿಸುವವರು ಬೇರೆ ಯಾರೋ ಬೇಕಿತ್ತು. ಆ ಉಪಕಾರವನ್ನು ಇಷ್ಟು ವರ್ಷ ಊರೆಲ್ಲ ಬೈಯುತ್ತಿದ್ದ ಕೆಟ್ಟ ಕರೆಂಟು ಮಾಡುತ್ತ ಬಂದಿತ್ತು. ಈಗ ಅದೂ ಒಳ್ಳೆಯದಾಗಿಬಿಟ್ಟಿತ್ತು.

ಅವಳು ಗೋಡೆ ನೋಡಿದಳು. ಬಾಗಿಲಿನ ಪಕ್ಕದಲ್ಲಿ, ದೇವರ ಫೋಟೋದ ಕೆಳಗೆ, ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬಿ. ಗುರುಬಸವ್ವ ಸೀರೆಯ ಅಂಚಿನ ಮೇಲೆ ಬಗ್ಗಿದ್ದಳು. ಸೊಸೆ ಮಾಲಾ ಮಾತ್ರ ನೋಡುತ್ತಿದ್ದಳು. ರಾಜೇಶ್ವರಿ ಹಿಡಿಕೆಯ ಮೇಲೆ ಕೈಯಿಟ್ಟು ಅವಳ ಮುಖ ನೋಡಿದಳು. ಮಾಲಾ ಅತ್ತೆಯ ಬೆನ್ನನ್ನೊಮ್ಮೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದಳು. ರಾಜೇಶ್ವರಿ ಹಿಡಿಕೆ ಎಳೆದಳು.

ಜೋಡು ಮಗ್ಗಗಳೂ ನಿಂತವು.

"ಹೋತ ನೋಡ್ರಿ! ನಾ ಹೇಳಲಿಲ್ಲ?" ಗುರುಬಸವ್ವ ತಕ್ಷಣ ನೆಟ್ಟಗಾದಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ನಡೀರಿ, ಲಗೂನ ತೋರಿಸಿ ಬರೂನು."

ರಾಜೇಶ್ವರಿ ಅವಳನ್ನು ನಡೆಯಗೊಡಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಫೋನು ಮಾಡಿದಳು. ಮಾಯವ್ವ ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದಳು, ಹಿಂದೆ ಪರಮಾನಂದ. "ಅಯ್ಯ, ನಾ ಏನ ಮುದುಕಿ ಏನ್ರಿ," ಎಂದು ಗೊಣಗುತ್ತಲೇ ಗುರುಬಸವ್ವ ಕೂತಳು. ಡಾಕ್ಟರು ಅಲ್ಲೇ ನಾಡಿ ಹಿಡಿದ, ಒಂದು ಗುಳಿಗೆ ಕೊಟ್ಟು ಅಗಿಯಲು ಹೇಳಿದ. ಅವನ ಮುಖ ಬಿಗಿದುಕೊಂಡಿತ್ತು.

ಕುರ್ಚಿ ಓಣಿಯ ಕಲ್ಲುಗಳ ಮೇಲೆ ಕುಲುಕುತ್ತ ಹೊರಟಿತು. ಎಡಗಡೆ ಖಟಖಟ, ಬಲಗಡೆ ಖಟಖಟ. ಗುರುಬಸವ್ವ ಸುಮ್ಮನೆ ಕೇಳುತ್ತ ಕೂತಿದ್ದಳು. ಕೊಂಚ ದೂರ ಹೋದ ಮೇಲೆ ತಿರುಗಿ ನೋಡದೆಯೇ ಕೇಳಿದಳು.

"ನಮ್ಮ ಮನ್ಯಾಗ ಅಷ್ಟ ಹೋತೇನ್ರಿ ಕರೆಂಟ್?"

"ಹೂನ್ರಿ."

"ಯಾರ ತಗದ್ರಿ?"

"ನಾನ ತಗದೆ," ಎಂದಳು ರಾಜೇಶ್ವರಿ. ಬೈಗುಳಕ್ಕೆ ತಯಾರಾಗಿ ನಡೆದಳು.

ಗುರುಬಸವ್ವ ಬಲಗೈ ಎತ್ತಿ ತನ್ನ ಭುಜದ ಮೇಲಿದ್ದ ಇವಳ ಕೈಯನ್ನು ಮುಟ್ಟಿದಳು. "ಛಲೋ ಮಾಡಿದ್ರಿ ಯವ್ವಾ. ನನಗ ತಗಿಯಾಕ ಆಗ್ತಿರಲಿಲ್ಲ."

ಇಸಿಜಿಯ ಕಾಗದ ಹೊರಗೆ ಬರುವಾಗ ಪರಮಾನಂದ ಅದು ಪೂರ್ತಿ ಬರುವ ತನಕವೂ ಕಾಯಲಿಲ್ಲ. ಗ್ಯಾಸ್ ಅಲ್ಲ, ಹೃದಯ. ಆಂಬುಲೆನ್ಸ್ ಹೊರಡುವಾಗ ಅವನೂ ಹತ್ತಿದ. ಸಂಜೆ ಬಾಗಲಕೋಟೆಯಿಂದ ಅವನ ಫೋನು ಬಂತು. ಮುಚ್ಚಿದ್ದ ರಕ್ತನಾಳ ತೆರೆದಿದ್ದಾರೆ, ಇನ್ನೂ ಸ್ವಲ್ಪ ತಡವಾಗಿದ್ದರೆ ಹೇಳಲಿಕ್ಕಾಗುತ್ತಿರಲಿಲ್ಲ ಎಂದ. ಆಗ ರಾಜೇಶ್ವರಿ ಮಾವನ ಮುಂದೆಯೇ ಅತ್ತಳು.

ಶಿದ್ರಾಮಪ್ಪ ಎಲ್ಲವನ್ನೂ ನೋಡುತ್ತ ಒಂದೇ ಕುರ್ಚಿಯಲ್ಲಿ ಕೂತಿದ್ದ. ಸೊಸೆಯ ಅಳು ನಿಲ್ಲುವ ತನಕ ಕಾದ.

"ಅಕಿ ತಾನಾಗಿ ಬರ್ತಿದ್ದಳೇನು?"

"ಇಲ್ಲ ಮಾಮಾ."

"ಅಂಥವರು ಇನ್ನೆಷ್ಟ ಮಂದಿ ಅದಾರ ಒಳಗ?"

"ಗೊತ್ತಿಲ್ಲ. ನೋಡಬೇಕು."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದ. "ಗಿರಾಕಿ ಇಲ್ಲಂತ ಅಂಗಡಿ ಮುಚ್ಚಿದ್ರ ಅದು ವ್ಯಾಪಾರ. ಗಿರಾಕಿ ಎದುರಿನ ಮನ್ಯಾಗ ಕುಂತಾರ, ಎದ್ದು ಬರಾಕ ಆಗವಲ್ದು, ಆವಾಗ ಮುಚ್ಚಿದ್ರ ಅದು ದಡ್ಡತನ. ಇರಲಿ ಬಿಡು. ಆದ್ರ ಒಂದ ಮಾತು, ಮಂದಿ ಮನಿ ಫ್ಯೂಜ್ ಕೀಳೂದು ಕಂಪನಿ ನಿಯಮದಾಗ ಬರೀಬ್ಯಾಡ." ಹಾಗೆಂದು ಜೀಪು ಹತ್ತಿದ. ಖಾಲಿ ಜೀಪು ಮುಧೋಳಕ್ಕೆ ಹೋಯಿತು.

ಅಲ್ಲಿಂದ ಲಗೂ ದವಾಖಾನಿಯ ರೀತಿಯೇ ಬದಲಾಯಿತು. ಮಗ್ಗ ನಡೆಯುವ ಹೊತ್ತಿನಲ್ಲಿ ಪರಮಾನಂದ ಚೀಲ ಹಿಡಿದು ಓಣಿ ಓಣಿ ಸುತ್ತಿದ. ಜನ ಮಗ್ಗದ ಮುಂದೆ ನಿಂತಲ್ಲೇ ತೋಳು ಚಾಚಿದರು, ಅವನು ಬಿಪಿ ನೋಡಿದ. ಹಿಂಡು ಬರದಿದ್ದರೆ ಕುರಿಗಾರನೇ ಹೋಗಬೇಕಲ್ಲ ಎಂದು ಅವನ ವಾದ. ತೀರ ಕೆಟ್ಟಿದೆ ಅನ್ನಿಸಿದವರನ್ನು ಕುರ್ಚಿಗೆ ಕರೆತಂದರು. ಯಾರಾದರೂ ಹಟ ಮಾಡಿದರೆ ಮನೆಯವರೇ ಗೋಡೆಯ ಡಬ್ಬಿಯ ಕಡೆ ಕೈಮಾಡಿ, "ತಗೀಲೇನು?" ಎಂದು ಹೆದರಿಸುವುದು ರೂಢಿಯಾಯಿತು. ಗಾಜಿನ ಬಾಗಿಲನ್ನು ರಾಜೇಶ್ವರಿ ಹಗಲೆಲ್ಲ ತೆರೆದೇ ಇಡಿಸಿದಳು. ಏಸಿ ದಂಡ ಎಂದು ಮಾವ ಗೊಣಗಿದ.

ದೀಪಾವಳಿ ಹತ್ತಿರ ಬಂದಾಗ ಗುರುಬಸವ್ವ ತೋರಿಸಿಕೊಳ್ಳಲು ಬಂದಳು. ಮಗ್ಗ ಈಗ ಸೊಸೆಯದು, ಇವಳು ಕೂತು ನೂಲು ಸುತ್ತುತ್ತಾಳೆ. ಆ ಹಸಿರು ಸೀರೆಯ ಮೇಲೆ ಗೆರೆ ಬಿದ್ದೇಬಿಟ್ಟಿತ್ತಂತೆ. ಅದನ್ನು ಯಾರಿಗೂ ಮಾರಗೊಡದೆ ತಾನೇ ಉಟ್ಟು ಬಂದಿದ್ದಳು. ಡಾಕ್ಟರು ನೋಡಿ ಎಲ್ಲ ಸರಿಯಿದೆ ಎಂದ ಮೇಲೂ ಅವಳು ಎದ್ದು ಹೋಗದೆ ಮುಂದಿನ ಕೋಣೆಯಲ್ಲಿ ಕೂತು ರಾಜೇಶ್ವರಿಯನ್ನೇ ನೋಡುತ್ತಿದ್ದಳು.

ರಾಜೇಶ್ವರಿ ಕಂಪ್ಯೂಟರಿನ ಮುಂದೆ ಬಗ್ಗಿದ್ದಳು. ಬೀಳಗಿಯ ಕಡೆಯೂ ಇಂಥದ್ದೊಂದು ತೆರೆದರೆ ಹೇಗೆ ಎಂದು ಮಾವ ಕೇಳಿದ್ದ, ಅದರ ತಯಾರಿ. ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿದಿದ್ದಳು. ಹಣೆಯಲ್ಲಿ ಬೆವರಿತ್ತು.

"ಏನಾಗೇತ್ರಿ ಅಕ್ಕಾರ?" ಗುರುಬಸವ್ವ ಕೇಳಿದಳು.

"ಏನಿಲ್ಲರಿ. ಇದೊಂದು ಮುಗೀಲಿ, ಡಾಕ್ಟರಿಗೆ ತೋರಿಸ್ತೀನಿ."

ಗುರುಬಸವ್ವ ಪರಮಾನಂದನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಸ್ವಿಚ್ಚುಗಳಲ್ಲಿ ಒಂದರ ಕಡೆ ಕಣ್ಣು ಹಾಯಿಸಿದ. ರಾಜೇಶ್ವರಿಯ ಮೇಜಿನದು ಮಾತ್ರ.

ಕಂಪ್ಯೂಟರ್ ಆರಿತು.

ರಾಜೇಶ್ವರಿ ತಲೆ ಎತ್ತಿದಳು. ಇನ್ವರ್ಟರಿಗೆ ಏನಾಯಿತು ಎಂದು ಎದ್ದಳು. ಅಷ್ಟರಲ್ಲಿ ಅಭ್ಯಾಸಬಲದಿಂದ ಕಿವಿ ಹೊರಗೆ ಹೋಯಿತು. ತೆರೆದ ಬಾಗಿಲಿನಾಚೆ ಓಣಿಯ ತುಂಬ ಮಗ್ಗಗಳು ನಡೆಯುತ್ತಿದ್ದವು. ಅವಳು ತಿರುಗಿ ನೋಡಿದಳು. ಗೋಡೆಯ ಪಕ್ಕದಲ್ಲಿ ಗುರುಬಸವ್ವ ನಿಂತಿದ್ದಳು, ಕೈ ಇನ್ನೂ ಸ್ವಿಚ್ಚಿನ ಮೇಲಿತ್ತು.

"ಹೋತ ನೋಡ್ರಿ ಅಕ್ಕಾರ ಕರೆಂಟ್," ಎಂದಳು ಗುರುಬಸವ್ವ.

ರಾಜೇಶ್ವರಿ ಮೇಜು ಬಿಟ್ಟು ಬಂದು ರೋಗಿಗಳ ಸಾಲಿನ ಮೊದಲ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ತಿಳಿಯಿತು, ಎಷ್ಟು ನೋಯುತ್ತಿದೆ ಎಂದು. ಪರಮಾನಂದ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಎಲ್ಲರನ್ನೂ ಕೇಳುವುದನ್ನೇ ಅವಳನ್ನೂ ಕೇಳಿದ.

"ಯಾವಾಗಿಂದ ಐತ್ರಿ?"

"ಬ್ಯಾಸಗಿಯಿಂದರಿ," ಎಂದಳು ರಾಜೇಶ್ವರಿ.